ಗರಡಿಯ ಮೈ, ಜಿಮ್ಮಿನ ಮದ್ದು: ಗಂಡಸರ ಎದೆಗಂಟಿನ ಚಿಕಿತ್ಸೆ ನಡೆದುಬಂದ ದಾರಿ

ಗಂಡಸರ ಎದೆಯಲ್ಲಿ, ತೊಟ್ಟಿನ ಸುತ್ತಲಿನ ಕಪ್ಪು ವೃತ್ತದ ಹಿಂದೆ, ಹೆಂಗಸರಲ್ಲಿರುವಂಥದೇ ಸ್ತನಗ್ರಂಥಿಯ ಚಿಕ್ಕದೊಂದು ತುಣುಕು ಹುಟ್ಟಿನಿಂದಲೇ ಇರುತ್ತದೆ. ಬಹುಪಾಲು ಗಂಡಸರಲ್ಲಿ ಅದು ಬದುಕಿಡೀ ಇದ್ದೂ ಇಲ್ಲದಂತಿರುತ್ತದೆ. ರಕ್ತದಲ್ಲಿ ಗಂಡು ಹಾರ್ಮೋನಿನ ಬಲ ಕುಗ್ಗಿ ಹೆಣ್ಣು ಹಾರ್ಮೋನಿನ ಕೈ ಮೇಲಾದಾಗ ಮಾತ್ರ ಅದು ಬೆಳೆಯತೊಡಗುತ್ತದೆ. ಹೀಗೆ ಬೆಳೆದದ್ದನ್ನು ವೈದ್ಯರು ಗೈನಕೊಮಾಸ್ಟಿಯಾ ಎನ್ನುತ್ತಾರೆ, ಜಿಮ್ಮಿಗೆ ಹೋಗುವ ಹುಡುಗರು ‘ಗೈನೊ’ ಎನ್ನುತ್ತಾರೆ. ತಾಯಿಯ ಹಾರ್ಮೋನು ಮೈಯಲ್ಲಿ ಉಳಿದಿರುವ ಹಸುಗೂಸಿನಲ್ಲಿ, ಹರೆಯಕ್ಕೆ ಕಾಲಿಡುವ ಹುಡುಗನಲ್ಲಿ, ವೃಷಣದ ಶಕ್ತಿ ಇಳಿಯುವ ಮುಪ್ಪಿನಲ್ಲಿ ಇದು ತಾನಾಗಿಯೇ ಕಾಣಿಸಿಕೊಳ್ಳುತ್ತದೆ. ಭಾರ ಎತ್ತಿ ಮೈ ಕಟ್ಟುವ ಯುವಕರಲ್ಲಿ ಈಗ ಕಾಣುತ್ತಿರುವುದು ಬೇರೆ ಬಗೆಯದು. ಅದು ಪ್ರಕೃತಿ ತಂದದ್ದಲ್ಲ, ಸೂಜಿ ಮತ್ತು ಮಾತ್ರೆ ತಂದದ್ದು. ಈ ಚಿಕಿತ್ಸೆಯ ಚರಿತ್ರೆ ಹದಿಮೂರು ಶತಮಾನಕ್ಕೂ ಉದ್ದವಾದದ್ದು, ಭಾರ ಎತ್ತುವ ಕಸುಬಿನ ಚರಿತ್ರೆಯೂ ಕನ್ನಡ ಸೀಮೆಯಲ್ಲಿ ಹಳೆಯದೇ. ಎರಡೂ ಒಂದನ್ನೊಂದು ಕೂಡಿಕೊಂಡದ್ದು ಮಾತ್ರ ತೀರಾ ಈಚೆಗೆ.

ಆ ಕೂಡಿಕೆಯನ್ನು ಒಂದು ಊರಿನ ಕಡೆಯಿಂದ ನೋಡುವುದಾದರೆ, ಜವಳಗಿರಿ ಈಗಿನ ಕೃಷ್ಣಗಿರಿ ಜಿಲ್ಲೆಯ ಡೆಂಕಣಿಕೋಟೆ ತಾಲ್ಲೂಕಿನ ಕಾಡಂಚಿನ ಊರು. ಬನ್ನೇರುಘಟ್ಟದ ಆನೆಗಳು ಈ ಕಾಡಿನ ಮೂಲಕವೇ ದಕ್ಷಿಣಕ್ಕೆ ಹಾದುಹೋಗುತ್ತವೆ. ರಾಗಿ, ಹುರುಳಿಯ ಹೊಲಗಳ ನಡುವೆ ಕನ್ನಡ, ತೆಲುಗು, ತಮಿಳು ಮೂರೂ ಇಲ್ಲಿ ಮನೆಮಾತು. ಕೃಷ್ಣಗಿರಿ, ಧರ್ಮಪುರಿಗಳ ಸುತ್ತಲಿನ ಬಾರಾಮಹಲ್ ಸೀಮೆ 1792ರಲ್ಲಿ ಟಿಪ್ಪುವಿನ ಕೈತಪ್ಪಿ ಇಂಗ್ಲಿಷರ ಪಾಲಾಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಹೊಸೂರು ಸೀಮೆಯೂ ಅದರ ಹಿಂದೆಯೇ ಹೋಗಿ ಸೇಲಂ ಜಿಲ್ಲೆಗೆ ಸೇರಿತು. 1965ರಲ್ಲಿ ಧರ್ಮಪುರಿ ಜಿಲ್ಲೆ, 2004ರಲ್ಲಿ ಕೃಷ್ಣಗಿರಿ ಜಿಲ್ಲೆ ಆದವು. ಗೆರೆ ಎಲ್ಲೇ ಬಿದ್ದರೂ ಇಲ್ಲಿನ ಜನ ಸಂತೆ, ಆಸ್ಪತ್ರೆ, ಕೆಲಸ ಎಂದು ತಳಿ, ಹೊಸೂರು, ಬೆಂಗಳೂರಿನ ದಾರಿ ಹಿಡಿಯುವುದು ನಿಂತಿಲ್ಲ. ಮೈ ಹುರಿಗೊಳಿಸುವ ಪದ್ಧತಿಗಳೂ ಅವುಗಳ ಹಿಂದೆಯೇ ಬಂದ ತೊಂದರೆಗಳೂ ಓಡಾಡಿದ್ದು ಇದೇ ದಾರಿಯಲ್ಲಿ.

ಕನ್ನಡ ಸೀಮೆಯ ತಾಲೀಮಿನ ಹಳೆಯ ದಾಖಲೆ ಬೇಕೆಂದರೆ ಕಲ್ಯಾಣದ ಚಾಲುಕ್ಯ ಅರಸು ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ಕ್ಕೆ ಹೋಗಬೇಕು. ಹನ್ನೆರಡನೆಯ ಶತಮಾನದ ಈ ಸಂಸ್ಕೃತ ಗ್ರಂಥದಲ್ಲಿ ಮಲ್ಲವಿನೋದಕ್ಕೆ ಒಂದು ಪ್ರಕರಣವೇ ಇದೆ. ಜಟ್ಟಿಗಳನ್ನು ವಯಸ್ಸು, ಮೈಕಟ್ಟು ನೋಡಿ ವಿಂಗಡಿಸುವುದು, ಅವರಿಗೆ ಏನು ಉಣಿಸಬೇಕೆಂಬುದು, ದಿನಬಿಟ್ಟು ದಿನ ಮಾಡಿಸಬೇಕಾದ ಶ್ರಮಗಳು ಅಲ್ಲಿ ಬರುತ್ತವೆ. ಆ ಶ್ರಮಗಳಲ್ಲಿ ಭಾರಶ್ರಮವೂ, ಅಂದರೆ ತೂಕ ಎತ್ತುವ ತಾಲೀಮೂ ಒಂದು. ಇನ್ನೂ ಹತ್ತಿರದಿಂದ ಕಂಡ ಚಿತ್ರ ವಿಜಯನಗರದ್ದು. ಸುಮಾರು 1520ರಲ್ಲಿ ಅಲ್ಲಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕೃಷ್ಣದೇವರಾಯನ ಮುಂಜಾವನ್ನು ಬರೆದಿಟ್ಟಿದ್ದಾನೆ. ಅರಸ ಬೆಳಕು ಹರಿಯುವ ಮುನ್ನವೇ ಎದ್ದು ಎಳ್ಳೆಣ್ಣೆ ಕುಡಿಯುತ್ತಿದ್ದ. ಮೈಗೆಲ್ಲ ಅದೇ ಎಣ್ಣೆ ಹಚ್ಚಿಕೊಂಡು, ಸುಟ್ಟ ಮಣ್ಣಿನಿಂದ ಮಾಡಿದ ದೊಡ್ಡ ಭಾರಗಳನ್ನು ಎರಡೂ ತೋಳಿನಲ್ಲಿ ಎತ್ತುತ್ತಿದ್ದ. ಆಮೇಲೆ ಎಣ್ಣೆಯೆಲ್ಲ ಬೆವರಾಗಿ ಇಳಿಯುವ ತನಕ ಕತ್ತಿ ತಿರುಗಿಸಿ, ತನ್ನ ಜಟ್ಟಿಯೊಬ್ಬನ ಜೊತೆ ಕುಸ್ತಿ ಹಿಡಿದು, ಕುದುರೆ ಏರಿ ಬಯಲಲ್ಲಿ ಓಡಿಸುತ್ತಿದ್ದ.

ಅರಮನೆಯಲ್ಲಿ ನಡೆದದ್ದೇ ಬೇರೆ ರೂಪದಲ್ಲಿ ಊರೂರಿನಲ್ಲೂ ನಡೆಯುತ್ತಿತ್ತು. ಕನ್ನಡ ಹಳ್ಳಿಗಳ ಗುಂಡುಕಲ್ಲು, ತಮಿಳು ಹಳ್ಳಿಗಳ ಇಳವಟ್ಟಕ್ಕಲ್ ಎರಡೂ ಹರೆಯದ ಹುಡುಗರ ತೋಳಿನ ಪರೀಕ್ಷೆಗೆಂದು ಇಟ್ಟ ಕಲ್ಲುಗಳೇ. ಗರಡಿಮನೆಯಲ್ಲಿ ಕೆಮ್ಮಣ್ಣಿನ ಮಟ್ಟಿ, ದಂಡೆ, ಬಸ್ಕಿ, ಗದೆ, ಎದುರಿಗೆ ಹನುಮಂತನ ಪಟ ಇರುತ್ತಿದ್ದವು. ಪೈಲ್ವಾನರ ಊಟ ಹಾಲು, ತುಪ್ಪ, ಬಾದಾಮಿ, ಮಾಂಸ. ವಯಸ್ಸಾಗಿ ತಾಲೀಮು ನಿಂತ ಪೈಲ್ವಾನನ ಎದೆ ಜೋಲುವುದು ಗರಡಿಯ ಹತ್ತಿರವಿದ್ದವರಿಗೆ ಹೊಸ ವಿಷಯವಲ್ಲ. ಆದರೆ ಅದು ಬರಿಯ ಕೊಬ್ಬು. ಕೈಯಿಟ್ಟು ಒತ್ತಿದರೆ ಮೆತ್ತಗೆ ಜಾರುತ್ತದೆ, ನೋವಿಲ್ಲ, ತೊಟ್ಟಿನ ಹಿಂದೆ ಗಟ್ಟಿಯಾದದ್ದೇನೂ ಸಿಗುವುದಿಲ್ಲ. ಗ್ರಂಥಿ ಬೆಳೆದಿದ್ದರೆ ಅಡಿಕೆಯಂಥ ಗಟ್ಟಿ ಬಿಲ್ಲೆಯೊಂದು ತೊಟ್ಟಿನ ನೇರ ಹಿಂದೆ ಬೆರಳಿಗೆ ತಾಗುತ್ತದೆ, ಒತ್ತಿದರೆ ನೋಯುತ್ತದೆ, ಅಂಗಿ ಉಜ್ಜಿದರೂ ಉರಿಯುತ್ತದೆ. ಇಂದಿಗೂ ವೈದ್ಯರು ಮೊದಲು ಮಾಡುವುದು ಈ ಬೆರಳಿನ ಪರೀಕ್ಷೆಯನ್ನೇ, ಏಕೆಂದರೆ ಮುಂದಿನ ಚಿಕಿತ್ಸೆಯೆಲ್ಲ ಇದರ ಮೇಲೆಯೇ ನಿಲ್ಲುತ್ತದೆ. ಕೊಬ್ಬಿಗೆ ಊಟ-ವ್ಯಾಯಾಮ ಉತ್ತರವಾಗಬಲ್ಲದು. ಗ್ರಂಥಿಗೆ ಎಷ್ಟು ದಂಡೆ ಹೊಡೆದರೂ ಪ್ರಯೋಜನವಿಲ್ಲ. ಅದರ ಹಿಂದಿನ ಎದೆಯ ಸ್ನಾಯು ಹುರಿಗಟ್ಟಿದಷ್ಟೂ ಗಂಟು ಮುಂದಕ್ಕೆ ಚಾಚಿ ಇನ್ನಷ್ಟು ಎದ್ದು ಕಾಣುತ್ತದೆ.

ಎದೆಗಂಟನ್ನು ಕೊಯ್ದು ತೆಗೆಯುವ ಕ್ರಮವನ್ನು ವಿವರವಾಗಿ ಬರೆದಿಟ್ಟವನು ಏಳನೆಯ ಶತಮಾನದ ಗ್ರೀಕ್ ವೈದ್ಯ, ಈಜಿನಾ ದ್ವೀಪದ ಪಾಲ್. ಹರೆಯದಲ್ಲಿ ಹುಡುಗರ ಎದೆಯೂ ಕೊಂಚ ಉಬ್ಬುತ್ತದೆ, ಹೆಚ್ಚಿನವರಲ್ಲಿ ತಾನೇ ತಗ್ಗುತ್ತದೆ, ಕೆಲವರಲ್ಲಿ ಮಾತ್ರ ಉಳಿದು ಬೆಳೆಯುತ್ತದೆ ಎಂದು ಅವನು ಗುರುತಿಸಿದ್ದು ಇಂದಿಗೂ ಸರಿಯಾಗಿದೆ. ಹೆಣ್ಣಿಗನೆಂಬ ಹೀಯಾಳಿಕೆಗೆ ಗುರಿಮಾಡುವ ಈ ತೊಂದರೆಗೆ ಶಸ್ತ್ರಚಿಕಿತ್ಸೆ ಮಾಡುವುದು ತಕ್ಕದ್ದೇ ಎಂಬುದು ಅವನ ನಿಲುವು. ಎದೆಯ ಕೆಳಗೆ ಅರ್ಧಚಂದ್ರದಂತೆ ಕೊಯ್ದು, ಚರ್ಮ ಬಿಡಿಸಿ, ಒಳಗಿನದನ್ನು ತೆಗೆದು ಹೊಲಿಯಬೇಕು. ಜೋತುಬಿದ್ದಿದ್ದರೆ ಎರಡು ಅರ್ಧಚಂದ್ರಗಳ ತುದಿ ಕೂಡುವಂತೆ ಕೊಯ್ದು ನಡುವಿನ ಚರ್ಮವನ್ನೂ ತೆಗೆಯಬೇಕು. ಸುಮಾರು ಸಾವಿರದ ಇಸವಿಯ ಹೊತ್ತಿಗೆ ಸ್ಪೇನಿನ ಕಾರ್ಡೋಬಾದ ಅಲ್ ಝಹ್ರಾವಿ ಇದೇ ಕ್ರಮವನ್ನು ಅರಬ್ಬಿಗೆ ತಂದ. 1465ರಲ್ಲಿ ಅನಟೋಲಿಯಾದ ಅಮಾಸ್ಯದ ಶೆರೆಫೆದ್ದೀನ್ ಸಬುನ್ಜುಓಲು ತನ್ನ ತುರ್ಕಿ ಶಸ್ತ್ರವೈದ್ಯ ಗ್ರಂಥದಲ್ಲಿ ಅದನ್ನು ವಿವರಿಸಿದ. ಬರಿಗೈ, ಕಾಸಿದ ಕಬ್ಬಿಣ ಮತ್ತು ಸೂಜಿದಾರಗಳಲ್ಲಿ ಇಷ್ಟು ಸಾಧಿಸಿದವರ ಧೈರ್ಯವನ್ನೂ ಅದನ್ನು ಸಹಿಸಿದ ರೋಗಿಗಳ ನೋವನ್ನೂ ಮರೆಯುವಂತಿಲ್ಲ. ಅರಿವಳಿಕೆ ಬಂದದ್ದು 1846ರಲ್ಲಿ, ಲಿಸ್ಟರನ ನಂಜುನಿರೋಧಕ ಕ್ರಮ 1867ರಲ್ಲಿ. ಅಲ್ಲಿಯವರೆಗೆ ಪ್ರಾಣಕ್ಕೆ ಅಪಾಯವಿಲ್ಲದ, ನಾಚಿಕೆಯೊಂದನ್ನೇ ತರುವ ಗಂಟಿಗಾಗಿ ಚಾಕುವಿಗೆ ಮೈಯೊಡ್ಡುವವರು ವಿರಳವಾಗಿಯೇ ಇದ್ದಿರಬೇಕು.

ಹೊಸೂರಿನ ಸೀಮೆ ಈ ಚರಿತ್ರೆಯ ಅಂಚನ್ನು ಒಮ್ಮೆ ತಾಗಿಹೋಗಿದೆ. ಮೂರನೆಯ ಮೈಸೂರು ಯುದ್ಧದಲ್ಲಿ, 1791ರಲ್ಲಿ, ಹೊಸೂರು ಮತ್ತು ರಾಯಕೋಟೆಯ ಕೋಟೆಗಳು ಇಂಗ್ಲಿಷರ ವಶವಾದವು. ಅದೇ ಯುದ್ಧದಲ್ಲಿ ಇಂಗ್ಲಿಷ್ ಸೇನೆಯ ಎತ್ತು ಹೊಡೆಯುವವನಾಗಿದ್ದ ಕವಾಸ್ಜಿ ಎಂಬ ಮರಾಠಿಗ ಟಿಪ್ಪುವಿನ ಸೈನಿಕರ ಕೈಗೆ ಸಿಕ್ಕಿ ಮೂಗು ಕಳೆದುಕೊಂಡ. ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಕಸುಬಿನವನೊಬ್ಬ ಹಣೆಯ ಚರ್ಮ ಇಳಿಸಿ ಅವನಿಗೆ ಹೊಸ ಮೂಗು ಕಟ್ಟಿದ. 1794ರಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಝೀನ್’ ಇದನ್ನು ಚಿತ್ರಸಹಿತ ಪ್ರಕಟಿಸಿತು. ಅದನ್ನೋದಿ ಜೋಸೆಫ್ ಕಾರ್ಪ್ಯೂ 1814ರಲ್ಲಿ ಲಂಡನ್ನಿನಲ್ಲಿ ಅದೇ ಶಸ್ತ್ರಚಿಕಿತ್ಸೆ ಮಾಡಿದ. ಯುರೋಪಿನ ಆಧುನಿಕ ಪ್ಲಾಸ್ಟಿಕ್ ಸರ್ಜರಿಗೆ ಅದೊಂದು ಮುಖ್ಯ ಆರಂಭ. ರೂಪ ಕೆಟ್ಟ ಅಂಗವನ್ನು ಸರಿಪಡಿಸುವುದೂ ವೈದ್ಯನ ಕೆಲಸವೇ ಎಂಬ ಮನ್ನಣೆ ಅಲ್ಲಿಂದ ಮೆಲ್ಲಗೆ ಬೆಳೆಯಿತು. ಗಂಡಸರ ಎದೆಗಂಟು ಚಿಕಿತ್ಸೆಗೆ ಅರ್ಹವೆಂದು ಎಣಿಸಿಕೊಂಡದ್ದು ಆ ಮನ್ನಣೆಯ ಒಳಗೇ.

ಗರಡಿಗೆ ಕಬ್ಬಿಣ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ಯೂರೋಪಿನ ಪ್ರಸಿದ್ಧ ದೇಹದಾರ್ಢ್ಯಪಟು ಯೂಜೆನ್ ಸ್ಯಾಂಡೊ 1905ರ ಸುಮಾರಿಗೆ ಭಾರತದಲ್ಲಿ ಪ್ರದರ್ಶನ ಕೊಟ್ಟು ಹೋದ. ಅವನ ಡಂಬೆಲ್ ಪದ್ಧತಿ, ಸ್ನಾಯು ಮೆರೆಯುವ ಛಾಯಾಚಿತ್ರಗಳು ಇಲ್ಲಿನ ಯುವಕರನ್ನು ಸೆಳೆದವು. ಕನ್ನಡ ನಾಡಿನಲ್ಲಿ ಆ ಸೆಳೆತಕ್ಕೆ ಒಂದು ಶಿಸ್ತು ಕೊಟ್ಟವರು ಕೋಲಾರ ಸೀಮೆಯ ಕೆ. ವಿ. ಅಯ್ಯರ್. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಲೇಖಕರೆಂದೇ ಇಂದಿನ ಓದುಗರಿಗೆ ಪರಿಚಿತರಾದ ಅವರು ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನೇಷಿಯಂ ಕಟ್ಟಿದರು, ಅಂಚೆಯ ಮೂಲಕ ದೂರದೂರಿನವರಿಗೆ ವ್ಯಾಯಾಮದ ಪಾಠ ಕಳಿಸಿದರು. 1930ರಲ್ಲಿ ‘ಮಸಲ್ ಕಲ್ಟ್’ ಎಂಬ ಇಂಗ್ಲಿಷ್ ಪುಸ್ತಕ ಬರೆದರು. ಮೈಸೂರು ಅರಸರ ನೆರವು ಅವರಿಗೆ ಸಿಕ್ಕಿತು, ನಾಟಕಕಾರ ಟಿ. ಪಿ. ಕೈಲಾಸಂ ಅವರ ವ್ಯಾಯಾಮಶಾಲೆಯ ಆಪ್ತರಲ್ಲಿ ಒಬ್ಬರು. ಬಾರ್ಬೆಲ್ಲಿನ ಜೊತೆಗೆ ಸೂರ್ಯನಮಸ್ಕಾರ, ಆಸನಗಳನ್ನೂ ಸೇರಿಸಿ ಅಯ್ಯರ್ ಕಟ್ಟಿದ ಪದ್ಧತಿಯಲ್ಲಿ ಮೈ ಬೆಳೆದದ್ದು ಊಟ, ನಿದ್ದೆ ಮತ್ತು ದುಡಿಮೆಯಿಂದ. ಅವರ ಪುಸ್ತಕ ಅಚ್ಚಾದಾಗ ಸ್ನಾಯು ಬೆಳೆಸುವ ಅನಬಾಲಿಕ್ ಸ್ಟೀರಾಯ್ಡ್ ಎಂಬ ವಸ್ತುವೇ ಇರಲಿಲ್ಲ. ಬಂಗಾಳದ ಮನತೋಷ್ ರಾಯ್ 1951ರಲ್ಲಿ, ಮನೋಹರ್ ಐಚ್ 1952ರಲ್ಲಿ ಮಿಸ್ಟರ್ ಯೂನಿವರ್ಸ್ ಸ್ಪರ್ಧೆಯಲ್ಲಿ ಗೆದ್ದು ಬಂದದ್ದೂ ಮಾತ್ರೆಯ ಯುಗ ತೆರೆಯುವ ಮುನ್ನ. ಸ್ಟೀರಾಯ್ಡ್ ಇಲ್ಲದೆ ಮೈ ಬೆಳೆಯುವುದಿಲ್ಲ ಎನ್ನುವ ತರಬೇತುದಾರರಿಗೆ ತೋರಿಸಲು ಇದಕ್ಕಿಂತ ಗಟ್ಟಿ ಸಾಕ್ಷಿ ಬೇಡ.

ಗಂಡು ಹಾರ್ಮೋನಾದ ಟೆಸ್ಟೋಸ್ಟೆರೋನನ್ನು ಬೇರ್ಪಡಿಸಿದ್ದು 1935ರಲ್ಲಿ, ಆಮ್‌ಸ್ಟರ್‌ಡ್ಯಾಮಿನ ಅರ್ನ್ಸ್ಟ್ ಲಾಕೂರರ ತಂಡ. ಅದೇ ವರ್ಷ ಬೂಟೆನಾಂಟ್ ಮತ್ತು ರುಝಿಕಾ ಅದನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದರು. ಅಲ್ಲಿಂದ ಮುಂದೆ ಎದೆಗಂಟಿನ ಕಾರಣಗಳು ಒಂದೊಂದಾಗಿ ಬಿಡಿಸಿಕೊಂಡವು. 1942ರಲ್ಲಿ ಹ್ಯಾರಿ ಕ್ಲೈನ್‌ಫೆಲ್ಟರ್ ಮತ್ತು ಸಂಗಡಿಗರು ಚಿಕ್ಕ ವೃಷಣ ಮತ್ತು ಬೆಳೆದ ಎದೆ ಜೊತೆಯಾಗಿ ಕಾಣುವ ಗಂಡಸರ ಸ್ಥಿತಿಯನ್ನು ವಿವರಿಸಿದರು. ಅವರಲ್ಲಿ ಒಂದು ಎಕ್ಸ್ ವರ್ಣತಂತು ಹೆಚ್ಚಿಗೆ ಇರುತ್ತದೆಂದು 1959ರಲ್ಲಿ ತಿಳಿಯಿತು. ಎರಡನೆಯ ಮಹಾಯುದ್ಧ ಮುಗಿದಾಗ ಸೆರೆಶಿಬಿರಗಳಿಂದ ಎಲುಬಿನ ಹಂದರವಾಗಿ ಹೊರಬಂದ ಸೈನಿಕರಲ್ಲಿ, ಹೊಟ್ಟೆತುಂಬ ಊಟ ಸಿಕ್ಕು ಮೈ ತುಂಬಿಕೊಳ್ಳುವ ಹೊತ್ತಿಗೆ, ಎದೆ ನೋಯುತ್ತ ಉಬ್ಬಿದ್ದನ್ನು ವೈದ್ಯರು ಕಂಡರು. ಉಪವಾಸದಲ್ಲಿ ಮುಚ್ಚಿಹೋಗಿದ್ದ ಹಾರ್ಮೋನು ವ್ಯವಸ್ಥೆ ಮತ್ತೆ ತೆರೆದುಕೊಳ್ಳುವಾಗ ಎರಡನೆಯ ಹರೆಯವೊಂದು ಬಂದಂತಾಗುತ್ತಿತ್ತು. ಸ್ಟೀರಾಯ್ಡ್ ನಿಲ್ಲಿಸಿದ ಮೇಲೆ ಕೆಲವರ ಎದೆ ಉಬ್ಬುವುದರ ಹಿಂದೆಯೂ ಇದಕ್ಕೆ ಹತ್ತಿರದ ಏರುಪೇರೇ ಇದೆ.

ಎದೆಗಂಟಿನ ಶಸ್ತ್ರಚಿಕಿತ್ಸೆಗೆ ದಕ್ಷಿಣ ಭಾರತದಲ್ಲಿ ನೆಲೆ ಸಿಕ್ಕಿದ್ದು ಸೌಂದರ್ಯದ ಚಿಕಿತ್ಸಾಲಯಗಳಲ್ಲಿ ಅಲ್ಲ, ಕುಷ್ಠರೋಗಿಗಳ ನಡುವೆ. ಕುಷ್ಠದ ರೋಗಾಣು ಮೈಯ ತಂಪು ಭಾಗಗಳನ್ನು ಹುಡುಕಿ ಹೋಗುವಂಥದು. ರೋಗ ಉಲ್ಬಣಿಸಿದಾಗ ಅದು ವೃಷಣವನ್ನು ಹಾಳುಮಾಡುತ್ತದೆ, ಗಂಡು ಹಾರ್ಮೋನು ಕುಸಿದು ಎದೆ ಬೆಳೆಯುತ್ತದೆ. ಆ ಉಬ್ಬು ಅಂಗಿಯೊಳಗಿಂದಲೂ ರೋಗವನ್ನು ಸಾರಿಬಿಡುತ್ತಿತ್ತು. ಕೃಷ್ಣಗಿರಿಯಿಂದ ಪೂರ್ವಕ್ಕೆ ಹೆದ್ದಾರಿ ಹಿಡಿದರೆ ಸಿಗುವ ವೆಲ್ಲೂರಿಗೆ 1946ರಲ್ಲಿ ಬಂದ ಪಾಲ್ ಬ್ರಾಂಡ್, ಹತ್ತಿರದ ಕರಿಗಿರಿಯಲ್ಲಿ ದುಡಿದ ಅರ್ನೆಸ್ಟ್ ಫ್ರಿಟ್ಶಿ, ಮುಂಬಯಿಯ ಎನ್. ಎಚ್. ಆಂಟಿಯಾ ಇವರೆಲ್ಲ ಕಟ್ಟಿದ ಪುನಾರಚನೆಯ ಶಸ್ತ್ರಚಿಕಿತ್ಸಾ ಶಾಖೆಯಲ್ಲಿ ಮಡಚಿದ ಬೆರಳು, ಕುಸಿದ ಮೂಗು, ಉದುರಿದ ಹುಬ್ಬುಗಳ ಜೊತೆಗೆ ಗಂಡಸರ ಎದೆಗಂಟು ತೆಗೆಯುವುದೂ ಸೇರಿತ್ತು. ಊರವರ ಕಣ್ಣಿಗೆ ಬೀಳದಂತೆ ಮತ್ತೆ ಬಾಳಲು ಬಯಸಿದ ಬಡವರಿಗಾಗಿ ಈ ಕೈಚಳಕ ಇಲ್ಲಿ ಮೊದಲು ಪಳಗಿತೆಂಬುದನ್ನು ಇಂದಿನ ದುಬಾರಿ ಜಾಹೀರಾತುಗಳ ನಡುವೆ ನೆನೆಯಬೇಕು.

ಆ ಶಸ್ತ್ರವೈದ್ಯರ ಕೈಯಲ್ಲಿದ್ದ ವಿಧಾನ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಜೆರೋಮ್ ವೆಬ್‌ಸ್ಟರ್ 1946ರಲ್ಲಿ ಪ್ರಕಟಿಸಿದ್ದು. 1928ರಲ್ಲಿ ಫ್ರಾನ್ಸಿನ ಡ್ಯುಫೂರ್ಮಾಂಟೆಲ್ ತೊಟ್ಟಿನ ವೃತ್ತದ ಅಂಚಿನಲ್ಲೇ ಕೊಯ್ಯುವ ದಾರಿ ತೋರಿಸಿದ್ದರು, ವೆಬ್‌ಸ್ಟರ್ ಅದನ್ನು ವ್ಯವಸ್ಥಿತಗೊಳಿಸಿ ನೆಲೆಗೊಳಿಸಿದರು. ಕಪ್ಪು ಚರ್ಮ ಮುಗಿದು ತಿಳಿ ಚರ್ಮ ಶುರುವಾಗುವ ಗೆರೆಯ ಕೆಳಗಿನ ಅರ್ಧದಲ್ಲಿ ಚಾಕು ಇಳಿಯುತ್ತದೆ. ವೃತ್ತವನ್ನು ಮೇಲಕ್ಕೆ ಎತ್ತಿ ಹಿಡಿದು, ಅದರ ಹಿಂದೆ ಸುಮಾರು ಅರ್ಧದಿಂದ ಒಂದು ಸೆಂಟಿಮೀಟರ್ ದಪ್ಪದ ಪದರ ಉಳಿಸಿ, ಉಳಿದ ಗ್ರಂಥಿಯನ್ನು ಸುತ್ತಲಿನ ಕೊಬ್ಬಿನಿಂದ ಬಿಡಿಸುತ್ತ ಎದೆಸ್ನಾಯುವಿನ ಹೊದಿಕೆಯ ತನಕ ಹೋಗಬೇಕು. ಹೊರಬರುವುದು ಬಿಳಿಚಿದ, ರಬ್ಬರಿನಂತೆ ಎಳೆಯುವ ಗಟ್ಟಿ ತುಂಡು. ಹಿಂದಿನ ಪದರವನ್ನು ಉಳಿಸದೆ ಪೂರ್ತಿ ಕೆರೆದರೆ ತೊಟ್ಟು ಒಳಕ್ಕೆ ಕುಸಿದು ತಟ್ಟೆಯಂತೆ ತಗ್ಗಾಗುತ್ತದೆ, ಅದರ ರಕ್ತಸಂಚಾರಕ್ಕೂ ಕುತ್ತು. ಹೆಚ್ಚು ಉಳಿಸಿದರೆ ಗಂಟು ಮತ್ತೆ ತಲೆಯೆತ್ತುತ್ತದೆ. ಈಜಿನಾದ ಪಾಲ್ ಎದೆಯ ಕೆಳಗೆ ಉದ್ದಕ್ಕೂ ಎಳೆದಿದ್ದ ಅರ್ಧಚಂದ್ರ ಹೀಗೆ ತೊಟ್ಟಿನ ಅಂಚಿಗೆ ಬಂದು ಸೇರಿತು, ಕಲೆ ಬಣ್ಣದ ಗೆರೆಯಲ್ಲಿ ಮುಚ್ಚಿಹೋಯಿತು.

ಮಾತ್ರೆಯ ಕಾಲ 1958ರಲ್ಲಿ ತೆರೆಯಿತು. ಸಿಬಾ ಕಂಪನಿ ಡಯನಬಾಲ್ ಎಂಬ ಸ್ಟೀರಾಯ್ಡ್ ಮಾತ್ರೆಯನ್ನು ಮಾರುಕಟ್ಟೆಗೆ ತಂದಿತು. ಅಮೆರಿಕದ ಭಾರ ಎತ್ತುವ ತಂಡದ ವೈದ್ಯ ಜಾನ್ ಜೀಗ್ಲರ್ ಅದನ್ನು ಪೆನ್ಸಿಲ್ವೇನಿಯಾದ ಯಾರ್ಕ್ ಜಿಮ್ಮಿನ ಪಟುಗಳಿಗೆ ಕೊಟ್ಟು ನೋಡಿದ, ಮುಂದೆ ಆ ಕೆಲಸಕ್ಕೆ ತಾನೇ ಬಹಳ ನೊಂದುಕೊಂಡ. 1960ರ ದಶಕದ ಮೊದಲಲ್ಲಿ ಡೆಕಾ ಡ್ಯುರಾಬೋಲಿನ್ ಚುಚ್ಚುಮದ್ದು ಬಂತು. ಹಿಂದುಳಿದ ದೇಶಗಳಲ್ಲಿ ಇಂಥ ಔಷಧಿಗಳನ್ನು ಹಸಿವು ಹೆಚ್ಚಿಸುವ, ಮೈ ತುಂಬಿಸುವ ಟಾನಿಕ್ಕಿನಂತೆ ಮಾರಿದ್ದೂ ಉಂಟು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಇವುಗಳನ್ನು ನಿಷೇಧಿಸಿ 1976ರ ಮಾಂಟ್ರಿಯಲ್ ಕೂಟದಲ್ಲಿ ಮೊದಲ ಬಾರಿಗೆ ಪರೀಕ್ಷೆ ನಡೆಸಿತು. ಭಾರತದಲ್ಲಿ ಇವು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಷೆಡ್ಯೂಲ್ ಎಚ್ ಔಷಧಿಗಳು. ಚೀಟಿ ಕೇಳದ ಅಂಗಡಿಗಳು ಹಲವು ಊರುಗಳಲ್ಲಿ ಇವೆ ಎಂಬುದು ಬೇರೆ ಮಾತು. ಕ್ರೀಡೆಯಲ್ಲಿ ಮದ್ದು ತಡೆಯಲು 2022ರಲ್ಲಿ ಪ್ರತ್ಯೇಕ ಕಾಯ್ದೆಯೇ ಬಂದಿದೆ. ಆದರೆ ಸ್ಪರ್ಧೆಗೆ ಇಳಿಯದೆ ಕನ್ನಡಿಯ ಮುಂದೆ ಮಾತ್ರ ನಿಲ್ಲುವ ಹುಡುಗನ ತನಕ ಆ ಕಾಯ್ದೆಯ ಕೈ ಚಾಚುವುದಿಲ್ಲ.

ಹೊಸೂರು 1970ರ ದಶಕದಿಂದ ಕೈಗಾರಿಕಾ ನಗರವಾಗಿ ಬೆಳೆಯಿತು. ಸಿಪ್‌ಕಾಟ್ ಕೈಗಾರಿಕಾ ಬಡಾವಣೆ, ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟನ್ ಕಾರ್ಖಾನೆಗಳು ಸುತ್ತಲಿನ ಹಳ್ಳಿಗಳ ಯುವಕರನ್ನು ಎಳೆದುಕೊಂಡವು. ಪಾಳಿ ಮುಗಿಸಿದ ಕೈಯಲ್ಲಿ ಸಂಬಳ, ಪೇಟೆಯಲ್ಲಿ ಜಿಮ್ಮು. ಗರಡಿಯ ಉಸ್ತಾದ ಹುಡುಗನ ಮನೆಮಂದಿಯನ್ನು ಬಲ್ಲವನಾಗಿದ್ದ, ವರ್ಷಗಟ್ಟಲೆ ಮಟ್ಟಿಯಲ್ಲಿ ಹೊರಳಾಡಿಸದೆ ಯಾರನ್ನೂ ಪೈಲ್ವಾನನೆಂದು ಕರೆಯುತ್ತಿರಲಿಲ್ಲ. ಜಿಮ್ಮಿನಲ್ಲಿ ಕೇಳಿಬರುವ ಮಾತು ಬೇರೆ: ‘ಸೈಕಲ್ ಹಾಕು, ಮೂರು ತಿಂಗಳಲ್ಲಿ ಸೈಜ್ ಬರುತ್ತೆ.’ ಸೈಕಲ್ ಎಂದರೆ ಕೆಲವು ವಾರ ಸ್ಟೀರಾಯ್ಡ್ ತೆಗೆದುಕೊಂಡು ಆಮೇಲೆ ಬಿಡುವುದು. ಹೊರಗಿನಿಂದ ಬಂದ ಟೆಸ್ಟೋಸ್ಟೆರೋನ್ ರಕ್ತದಲ್ಲಿ ತುಂಬಿತುಳುಕಿದಾಗ, ಕೊಬ್ಬು ಮತ್ತಿತರ ಅಂಗಾಂಶಗಳಲ್ಲಿರುವ ಅರೊಮಟೇಸ್ ಎಂಬ ಕಿಣ್ವ ಅದರ ಒಂದು ಪಾಲನ್ನು ಈಸ್ಟ್ರಡಯಾಲ್ ಆಗಿ, ಅಂದರೆ ಹೆಣ್ಣು ಹಾರ್ಮೋನಾಗಿ ಮಾರ್ಪಡಿಸುತ್ತದೆ. ಎದೆಯ ಗ್ರಂಥಿ ಅದಕ್ಕೆ ಓಗೊಡುತ್ತದೆ. ಡಯನಬಾಲ್ ಕೂಡ ಹೀಗೆಯೇ ಮಾರ್ಪಡುತ್ತದೆ. ಡೆಕಾ ಹಾಗೆ ಮಾರ್ಪಡುವುದು ಕಡಿಮೆಯಾದರೂ ಅದಕ್ಕೆ ಪ್ರೊಜೆಸ್ಟೆರೋನಿನ ಗುಣವಿದೆ. ಇಷ್ಟರ ನಡುವೆ ಮಿದುಳಿನಿಂದ ವೃಷಣಕ್ಕೆ ಹೋಗುವ ಆಜ್ಞೆ ನಿಂತುಹೋಗಿರುತ್ತದೆ. ಸೈಕಲ್ ಮುಗಿದ ದಿನ ಹೊರಗಿನ ಸರಬರಾಜು ಬಂದ್, ಒಳಗಿನ ಉತ್ಪಾದನೆ ಇನ್ನೂ ಶುರುವಾಗಿಲ್ಲ. ಆಗ ಹೆಣ್ಣು ಹಾರ್ಮೋನಿನ ಪಾಲು ಇನ್ನಷ್ಟು ಮೇಲಾಗುತ್ತದೆ. ವೃಷಣವನ್ನು ಎಬ್ಬಿಸಲೆಂದು ಕೆಲವರು ತೆಗೆದುಕೊಳ್ಳುವ ಎಚ್‌ಸಿಜಿ ಚುಚ್ಚುಮದ್ದು ವೃಷಣದೊಳಗಿನ ಅರೊಮಟೇಸನ್ನೂ ಎಬ್ಬಿಸಿ ಗಂಟನ್ನು ಹೆಚ್ಚಿಸಬಲ್ಲದು.

ಇಂಥವರ ಎದೆ ಶಸ್ತ್ರವೈದ್ಯರಿಗೂ ಹೊಸ ಪಾಠ ಕಲಿಸಿತು. 1973ರಲ್ಲಿ ಸೈಮನ್ ಮತ್ತು ಸಹೋದ್ಯೋಗಿಗಳು ಗಂಟಿನ ಗಾತ್ರ ಮತ್ತು ಜೋಲುವ ಚರ್ಮದ ಪ್ರಮಾಣ ನೋಡಿ ದರ್ಜೆಗಳನ್ನು ಗೊತ್ತುಮಾಡಿದ್ದರು. ಚಿಕ್ಕ ಗಂಟಿನಿಂದ ಹಿಡಿದು ಚರ್ಮ ತೆಗೆಯದೆ ವಿಧಿಯಿಲ್ಲದ ಮೂರನೆಯ ದರ್ಜೆಯ ತನಕ ಅವು ಇಂದಿಗೂ ಬಳಕೆಯಲ್ಲಿವೆ. 1970ರ ದಶಕದ ಕೊನೆಯಲ್ಲಿ ಪ್ಯಾರಿಸಿನ ಈವ್ ಝೆರಾರ್ ಇಲೂಝ್ ಮೊಂಡು ಕೊಳವೆಯಿಂದ ಕೊಬ್ಬು ಹೀರುವ ಲೈಪೊಸಕ್ಷನ್ ರೂಢಿಗೆ ತಂದರು. 1983ರಲ್ಲಿ ಟೈಮೂರಿಯನ್ ಮತ್ತು ಪರ್ಲ್‌ಮನ್ ಅದನ್ನು ಗಂಡಸರ ಎದೆಗೆ ಬಳಸಿದ್ದನ್ನು ವರದಿ ಮಾಡಿದರು. 1987ರಲ್ಲಿ ಜೆಫ್ರಿ ಕ್ಲೈನ್ ಉಪ್ಪುನೀರಿಗೆ ಲಿಡೊಕೇನ್, ಅಡ್ರಿನಲಿನ್ ಬೆರೆಸಿ ತುಂಬುವ ವಿಧಾನ ಹೇಳಿಕೊಟ್ಟ ಮೇಲೆ ರಕ್ತಸ್ರಾವ ಬಹಳ ತಗ್ಗಿತು. ಕೊಬ್ಬು ಹೆಚ್ಚಿರುವವರಿಗೆ ಇದು ವರವಾಯಿತು. ಆದರೆ ಭಾರ ಎತ್ತುವವರ ಎದೆಯಲ್ಲಿ ಕೊಬ್ಬು ತೀರಾ ಕಡಿಮೆ, ಇರುವುದರಲ್ಲಿ ಹೆಚ್ಚಿನದು ಗಟ್ಟಿ ಗ್ರಂಥಿ, ಕೊಳವೆಗೆ ಅದು ಬಗ್ಗದು. 1989ರಲ್ಲಿ ಏಡ್ರಿಯನ್ ಐಯಾಶ್ ದೇಹದಾರ್ಢ್ಯಪಟುಗಳ ಎದೆಗಂಟಿನ ಶಸ್ತ್ರಚಿಕಿತ್ಸೆಯನ್ನೇ ಪ್ರತ್ಯೇಕ ವಿಷಯವಾಗಿ ಬರೆದರು. ಇವರಲ್ಲಿ ಗ್ರಂಥಿಯನ್ನು ಕಣ್ಣಾರೆ ಕಂಡು ಕೊಯ್ದೇ ತೆಗೆಯಬೇಕು, ಅಂಚುಗಳನ್ನು ಸಮ ಮಾಡಲು ಮಾತ್ರ ಕೊಳವೆ. ಬೆಳೆದ ಸ್ನಾಯುವಿಗೆ ರಕ್ತನಾಳಗಳೂ ಹೆಚ್ಚು, ಆದ್ದರಿಂದ ಒಳಗೆ ರಕ್ತ ಹೆಪ್ಪುಗಟ್ಟಿ ಊದಿಕೊಳ್ಳುವ ಅಪಾಯವೂ ಹೆಚ್ಚು. ತೆಳುವಾದ ಚರ್ಮದ ಕೆಳಗೆ ಒಂದು ಚಿಕ್ಕ ತಗ್ಗು ಉಳಿದರೂ ಎದ್ದು ಕಾಣುತ್ತದೆ.

ಚಾಕು ಬೇಡವೆನ್ನುವವರಿಗೆ ಔಷಧಿಯ ದಾರಿ ತೆರೆದದ್ದು ಹೆಂಗಸರ ಸ್ತನ ಕ್ಯಾನ್ಸರಿನ ಚಿಕಿತ್ಸೆಯಿಂದ. ಇಂಗ್ಲೆಂಡಿನ ಐಸಿಐ ಕಂಪನಿಯಲ್ಲಿ 1962ರಲ್ಲಿ ಡೋರಾ ರಿಚರ್ಡ್‌ಸನ್ ತಯಾರಿಸಿದ ಟಮಾಕ್ಸಿಫೆನ್, ಸ್ತನದ ಜೀವಕೋಶಕ್ಕೆ ಹೆಣ್ಣು ಹಾರ್ಮೋನು ಅಂಟದಂತೆ ತಡೆಯುತ್ತದೆ. 1986ರಲ್ಲಿ ಪಾರ್ಕರ್ ಮತ್ತಿತರರು ಗಂಡಸರ ಎದೆಗಂಟಿಗೆ ಅದನ್ನು ಪೊಳ್ಳುಮಾತ್ರೆಯೊಡನೆ ಹೋಲಿಸಿ ಪರೀಕ್ಷಿಸಿದರು. ನೋವು ಇಳಿಸುವಲ್ಲೂ ಹೊಸ ಗಂಟನ್ನು ಕುಗ್ಗಿಸುವಲ್ಲೂ ಅದು ಉಪಯುಕ್ತವೆಂಬುದು ಅಂದಿನಿಂದ ಬಂದ ತಿಳಿವಳಿಕೆ. ಸಾಮಾನ್ಯವಾಗಿ ದಿನಕ್ಕೆ 10ರಿಂದ 20 ಮಿಲಿಗ್ರಾಂ, ಸುಮಾರು ಮೂರು ತಿಂಗಳು, ಅದೂ ವೈದ್ಯರ ಕಣ್ಗಾವಲಿನಲ್ಲಿ, ಏಕೆಂದರೆ ರಕ್ತ ಹೆಪ್ಪುಗಟ್ಟುವ ಅಪಾಯ ಅದಕ್ಕುಂಟು. ಅರೊಮಟೇಸನ್ನೇ ತಡೆಯುವ ಅನಸ್ಟ್ರಜೋಲ್ ಇನ್ನೂ ಚೆನ್ನಾಗಿ ಕೆಲಸ ಮಾಡೀತೆಂಬ ಲೆಕ್ಕಾಚಾರ ಮಾತ್ರ ಕೈಕೊಟ್ಟಿತು. 2004ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಹರೆಯದ ಹುಡುಗರ ಗಂಟಿನ ಮೇಲೆ ಅದು ಪೊಳ್ಳುಮಾತ್ರೆಗಿಂತ ಮೇಲೆನಿಸಲಿಲ್ಲ. ಯಾವ ಔಷಧಿಗೂ ಕಾಲದ ಮಿತಿಯೊಂದಿದೆ. ಮೊದಲ ಆರು ತಿಂಗಳು ಗ್ರಂಥಿ ಹಸಿಯಾಗಿ, ಬೆಳೆಯುವ ಹುರುಪಿನಲ್ಲಿರುತ್ತದೆ, ಆಗ ಅದು ಹಿಂದೆ ಸರಿಯಬಲ್ಲದು. ವರ್ಷ ದಾಟಿದರೆ ನಾರುಗಟ್ಟುತ್ತದೆ, ನಾರುಗಟ್ಟಿದ್ದನ್ನು ಮಾತ್ರೆ ಕರಗಿಸಲಾರದು. ನಾಚಿಕೆಯಿಂದ ಎರಡು ವರ್ಷ ಮುಚ್ಚಿಟ್ಟುಕೊಂಡು, ಜಿಮ್ಮಿನ ಗೆಳೆಯ ಕೊಟ್ಟ ಮಾತ್ರೆಯನ್ನು ಮನಸೋ ಇಚ್ಛೆ ನುಂಗಿ, ಕೊನೆಗೆ ವೈದ್ಯರ ಬಳಿಗೆ ಬರುವವರ ಪಾಲಿಗೆ ಉಳಿಯುವುದು ಶಸ್ತ್ರಚಿಕಿತ್ಸೆಯೊಂದೇ.

ಜವಳಗಿರಿಯ ಕಡೆಯ ಯುವಕನಿಗೆ ಈಗ ಹೊಸೂರಿನ ಆಸ್ಪತ್ರೆಗಳಿವೆ. ಧರ್ಮಪುರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ಕೃಷ್ಣಗಿರಿಯಲ್ಲಿ 2022ರ ಜನವರಿಯಲ್ಲಿ ಉದ್ಘಾಟನೆಯಾದ ಕಾಲೇಜಿದೆ. ಬೆಂಗಳೂರಿನಲ್ಲಿ 1900ರಲ್ಲಿ ತೆರೆದ ವಿಕ್ಟೋರಿಯಾದಂಥ ಹಳೆಯ ಸರ್ಕಾರಿ ಆಸ್ಪತ್ರೆಯೂ ಇದೆ. ವೈದ್ಯರ ಮೊದಲ ಪ್ರಶ್ನೆ ಏನೇನು ತೆಗೆದುಕೊಂಡೆ ಎಂಬುದು, ಉತ್ತರ ನಿಜವಾಗಿರಬೇಕು. ಸ್ಟೀರಾಯ್ಡ್ ನಿಲ್ಲಿಸದೆ ಮುಂದಿನ ಯಾವ ಹೆಜ್ಜೆಗೂ ಅರ್ಥವಿಲ್ಲ. ಕುಡಿತ ಮತ್ತು ಯಕೃತ್ತಿನ ಕಾಯಿಲೆ, ಥೈರಾಯ್ಡ್, ಮೂತ್ರಪಿಂಡದ ತೊಂದರೆ, ಸ್ಪೈರೊನೊಲ್ಯಾಕ್ಟೋನ್‌ನಂಥ ಕೆಲವು ಔಷಧಿಗಳೂ ಎದೆ ಬೆಳೆಸಬಲ್ಲವು. ವೃಷಣದಲ್ಲಿ ಗಡ್ಡೆ ಇದ್ದರೂ ಮೊದಲು ಕಾಣುವುದು ಎದೆಯ ಉಬ್ಬೇ ಆಗಿರಬಹುದು. ಹಾಗಾಗಿ ಟೆಸ್ಟೋಸ್ಟೆರೋನ್, ಎಲ್‌ಎಚ್, ಈಸ್ಟ್ರಡಯಾಲ್, ಪ್ರೊಲ್ಯಾಕ್ಟಿನ್, ಎಚ್‌ಸಿಜಿ ಪರೀಕ್ಷೆಗಳ ಜೊತೆಗೆ ವೃಷಣದ ತಪಾಸಣೆಯನ್ನೂ ಬಿಡುವಂತಿಲ್ಲ. ಒಂದೇ ಬದಿಗೆ, ತೊಟ್ಟಿನಿಂದ ಸರಿದು, ಕಲ್ಲಿನಂತೆ ಗಟ್ಟಿಯಾದ ಗಂಟು, ತೊಟ್ಟಿನಿಂದ ರಕ್ತ, ಕಂಕುಳಲ್ಲಿ ಗಡ್ಡೆ ಕಂಡರೆ ಕ್ಯಾನ್ಸರಿನ ಪರೀಕ್ಷೆ ತಡಮಾಡಬಾರದು. ಎಲ್ಲ ಸ್ತನ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇಕಡ 1ರಷ್ಟು ಗಂಡಸರದ್ದು.

ಈ ಸೀಮೆಯ ಹಳ್ಳಿಗಳಲ್ಲಿ ತಾಲೀಮು ಮಾಡುವ ಹುಡುಗರಲ್ಲಿ ಸೇನೆ, ಪೊಲೀಸ್ ಸೇರುವ ಆಸೆಯವರೂ ಇದ್ದಾರೆ. ಸೇನಾ ನೇಮಕಾತಿಯ ವೈದ್ಯಕೀಯ ತಪಾಸಣೆಯಲ್ಲಿ ಅನರ್ಹರೆನ್ನಲು ಇರುವ ಕಾರಣಗಳಲ್ಲಿ ಎದೆಗಂಟೂ ಒಂದು. ಶಸ್ತ್ರಚಿಕಿತ್ಸೆಯಾಗಿ ಗಾಯ ಪೂರ್ತಿ ಮಾಗಿದ್ದರೆ ಮರುಪರಿಶೀಲನೆಗೆ ಅವಕಾಶವಿದೆ. ನೇಮಕಾತಿಯ ಹಿಂದಿನ ವಾರ ಅವಸರದಲ್ಲಿ ಮಾಡಿಸಿಕೊಂಡದ್ದು ನೆರವಾಗುವುದಿಲ್ಲ. ಗಂಟು ತೆಗೆದ ಮೇಲೆ ನಾಲ್ಕಾರು ವಾರ ಬಿಗಿ ಅಂಗಿ ತೊಡಬೇಕು. ಎದೆ, ತೋಳಿನ ಭಾರವನ್ನು ಆ ಅವಧಿ ಕಳೆದು ವೈದ್ಯರು ಒಪ್ಪಿದ ಮೇಲೆ ಹಗುರ ತೂಕದಿಂದಲೇ ಮೊದಲು ಮಾಡಬೇಕು. ಒಳಗೆ ರಕ್ತ ಅಥವಾ ನೀರು ತುಂಬುವುದು, ತೊಟ್ಟು ಕೆಲಕಾಲ ಜೋಮು ಹಿಡಿಯುವುದು, ಎರಡು ಬದಿಯಲ್ಲಿ ವ್ಯತ್ಯಾಸ ಉಳಿಯುವುದು ಆಗಬಹುದಾದ ತೊಡಕುಗಳು. ತೆಗೆದ ತುಂಡನ್ನು ಪೆಥಾಲಜಿ ಪರೀಕ್ಷೆಗೆ ಕಳಿಸಬೇಕು. ಮತ್ತೆ ಸೈಕಲ್ ಹಾಕಿದರೆ ಉಳಿಸಿದ ಪದರದಿಂದಲೇ ಗಂಟು ಮರಳಿ ಬರಬಲ್ಲದು. ಸ್ಟೀರಾಯ್ಡಿನಿಂದ ಕುಗ್ಗಿದ ವೃಷಣದ ಕೆಲಸ ಚೇತರಿಸಿಕೊಳ್ಳಲು ಹಲವು ತಿಂಗಳು, ಕೆಲವರಲ್ಲಿ ವರ್ಷಕ್ಕೂ ಮಿಕ್ಕಿ ಹಿಡಿಯುತ್ತದೆ. ವೀರ್ಯಾಣುಗಳ ಸಂಖ್ಯೆಯೂ ಅಲ್ಲಿಯತನಕ ತಗ್ಗಿರುವುದರಿಂದ, ಎದೆಯ ಗಾಯ ಮಾಗಿದ ಮೇಲೂ ಹಾರ್ಮೋನು ತಜ್ಞರ ಬಳಿ ರಕ್ತಪರೀಕ್ಷೆ ಮುಂದುವರಿಸಬೇಕಾಗುತ್ತದೆ.